ಬೀದಿನಾಯಿಯ ಕಿವಿಯ ತುದಿ ಏಕೆ ಕತ್ತರಿಸಿರುತ್ತದೆ?

ಪ್ರಶ್ನೆ: ನಮ್ಮ ಬೀದಿಯ ನಾಯಿಯನ್ನು ಪಾಲಿಕೆಯ ವ್ಯಾನಿನವರು ಹಿಡಿದುಕೊಂಡು ಹೋಗಿ, ಕೆಲವು ದಿನಗಳ ನಂತರ ಕಿವಿಯ ತುದಿ ಕತ್ತರಿಸಿ ಅಲ್ಲೇ ತಂದು ಬಿಟ್ಟರು. ಇದು ಹಿಂಸೆಯಲ್ಲವೇ? ದೂರ ಬಿಡಬಾರದಿತ್ತೇ?
– ಓದುಗರೊಬ್ಬರು, ಎಲೆಕ್ಟ್ರಾನಿಕ್ ಸಿಟಿ

ಉತ್ತರ: ಆ ಕಿವಿಯೇ ನಾಯಿಯ ಗುರುತಿನ ಚೀಟಿ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟಾಗಲೇ ಕಿವಿಯ ತುದಿಯನ್ನೂ ಕತ್ತರಿಸುವುದರಿಂದ ಆಗ ಅದಕ್ಕೆ ನೋವು ತಿಳಿಯದು. ಮುಂದೆ ದೂರದಿಂದಲೇ ಗುರುತು ಸಿಗುತ್ತದೆ. ಅದೇ ನಾಯಿಯನ್ನು ಮತ್ತೆ ಹಿಡಿದು ಹೊಟ್ಟೆ ಕೊಯ್ಯುವ ಪ್ರಮಾದ ತಪ್ಪುತ್ತದೆ.

ಇನ್ನು ದೂರ ಬಿಡುವ ಮಾತು. ನಾಯಿಗೆ ತನ್ನದೇ ಸರಹದ್ದಿದೆ. ಪೀಣ್ಯದ ನಾಯಿಯನ್ನು ವೈಟ್‌ಫೀಲ್ಡಿನಲ್ಲಿ ಬಿಟ್ಟರೆ ಅಲ್ಲಿನ ನಾಯಿಗಳು ಮೇಲೆರಗುತ್ತವೆ. ಇತ್ತ ಪೀಣ್ಯದಲ್ಲಿ ಕಸ, ಹೋಟೆಲ್ ಎಂಜಲು ಇದ್ದಷ್ಟು ದಿನ ತೆರವಾದ ಜಾಗಕ್ಕೆ ಲಸಿಕೆಯಿಲ್ಲದ ಹೊಸ ನಾಯಿ ಬಂದೇ ಬರುತ್ತದೆ. ಅದಕ್ಕೇ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು, ರೇಬೀಸ್ ಲಸಿಕೆ ಹಾಕಿ ಹಿಡಿದ ಜಾಗದಲ್ಲೇ ಬಿಡಬೇಕೆನ್ನುತ್ತವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಇದನ್ನೇ ಹೇಳಿ, ರೇಬೀಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಹೊರತುಪಡಿಸಿತು. ಊಟ ಹಾಕಲು ನಿಗದಿತ ಜಾಗ ಗುರುತಿಸುವಂತೆಯೂ ಸೂಚಿಸಿತು. ಅದೇ ವರ್ಷದ ನವೆಂಬರಿನ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಲ್ಲಿ ಹಿಡಿದವನ್ನು ಮರಳಿ ಅಲ್ಲಿಗೇ ಬಿಡಬಾರದೆಂದಿತು.

ರಾತ್ರಿಪಾಳಿ ಮುಗಿಸಿ ಬೈಕಿನಲ್ಲಿ ಬರುವವರ ಭಯವೂ ಸುಳ್ಳಲ್ಲ, ನಾಯಿಯ ಹಸಿವೂ ಸುಳ್ಳಲ್ಲ. ಒಂದು ಹಿಡಿ ಅನ್ನ ಹಾಕುವವರು ಲಸಿಕೆಯ ಹೊಣೆಯಲ್ಲೂ ಕೈಜೋಡಿಸಿದರೆ ಕರುಣೆ ಪೂರ್ತಿಯಾಗುತ್ತದೆ. ಕಚ್ಚಿದರೆ ಮಾತ್ರ ತಡಮಾಡಬೇಡಿ: ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ.