ಪಾಷಾಣ್‌ನ ಪುಡಿ, ಪಾಲಿಯೆಸ್ಟರ್ ಅಂಗಿ

ಮೆಟ್ರೊ ಮಾರ್ಗವೊಂದು ಉದ್ಘಾಟನೆಯಾದರೆ ಅದು ಅಭಿವೃದ್ಧಿಗೆ ವೇಗವರ್ಧಕ. ತಂಡಕ್ಕೆ ಹೊಸ ಕೋಚ್ ಬಂದರೆ ಅವರೂ ವೇಗವರ್ಧಕ. ಭಾಷಣ, ತಲೆಬರಹಗಳಲ್ಲಿ ಈ ಪದ ಧಾರಾಳವಾಗಿ ಓಡಾಡುತ್ತದೆ. ಪುಣೆಯ ಪಾಷಾಣ್‌ನಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮಾತ್ರ ಅದರ ಬಳಕೆ ಬಹಳ ಬಿಗಿ.

1950ರ ಜನವರಿಯಲ್ಲಿ ನೆಹರೂ ಉದ್ಘಾಟಿಸಿದ ಈ ಸಂಸ್ಥೆ ಎಲ್ಲರ ಬಾಯಲ್ಲೂ ಎನ್‌ಸಿಎಲ್. ಇಲ್ಲಿ ರೂಪುಗೊಂಡ 'ಎನ್ಸಿಲೈಟ್' ವೇಗವರ್ಧಕದ ಹೆಸರಿನಲ್ಲಿಯೂ ಅದೇ ಮೂರಕ್ಷರ ಕುಳಿತಿದೆ. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳಿಂದಾದ ಜಿಯೋಲೈಟ್ ಹರಳು ಅದು. ಮೈತುಂಬ ತೂತು, ಒಂದೊಂದರ ಅಗಲ ಹೆಚ್ಚುಕಡಿಮೆ ಅರ್ಧ ನ್ಯಾನೋಮೀಟರ್.

ಪಾಲಿಯೆಸ್ಟರ್ ದಾರಕ್ಕೆ ಬೇಕಾದ ಮೂಲವಸ್ತು ಪ್ಯಾರಾ-ಕ್ಸೈಲೀನ್. ಆದರೆ ಕ್ಸೈಲೀನ್ ಮಿಶ್ರಣದಲ್ಲಿ ಹೆಚ್ಚಾಗಿ ಸಿಗುವುದು ಮೆಟಾ ರೂಪ. ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಬೇರೆ. ಜಿಯೋಲೈಟಿನ ಒಳಹೊಕ್ಕ ಅಣುಗಳು ಅಲ್ಲಿ ರೂಪ ಬದಲಿಸುತ್ತವೆ. ನೀಳವಾದ ಪ್ಯಾರಾ ಸಲೀಸಾಗಿ ಹೊರಬರುತ್ತದೆ. ಬೇಡದ ದಪ್ಪ ಅಣುಗಳು ಹುಟ್ಟಲು ಆ ಇಕ್ಕಟ್ಟಿನಲ್ಲಿ ಜಾಗವೇ ಇಲ್ಲ. ವೇಗಕ್ಕಿಂತ ಈ ಆಯ್ಕೆಯ ಗುಣಕ್ಕೇ ಕಾರ್ಖಾನೆಯವರು ದುಡ್ಡು ಕೊಡುವುದು ಎಂದರೂ ಸಲ್ಲುತ್ತದೆ.

ಅಲ್ಲಿನ ವಿಜ್ಞಾನಿ ಪಾಲ್ ರತ್ನಸಾಮಿ ಅವರ ತಂಡದ ಈ ಶೋಧ ಎಸಿಸಿ ಮತ್ತು ಐಪಿಸಿಎಲ್ ಕಂಪನಿಗಳ ಸಹಯೋಗದಲ್ಲಿ 1980ರ ದಶಕದಲ್ಲಿ ವಡೋದರಾದ ಕಾರ್ಖಾನೆಗೆ ಇಳಿಯಿತು. ಆಗ ಎನ್‌ಸಿಎಲ್ ನಿರ್ದೇಶಕರಾಗಿದ್ದವರು ಬೆಂಗಳೂರಿನಲ್ಲಿ ಹುಟ್ಟಿದ ಎಲ್.ಕೆ. ದೊರೈಸ್ವಾಮಿ. ವಿದೇಶಿ ಪರವಾನಗಿಯ ತಂತ್ರಜ್ಞಾನವೇ ಗತಿ ಎನ್ನುತ್ತಿದ್ದ ಉದ್ಯಮಕ್ಕೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1835ರಲ್ಲಿ ಹೆಸರಿಟ್ಟ ವೇಗವರ್ಧನೆಯ ವಿದ್ಯಮಾನಕ್ಕೆ ಕಟ್ಟುಪಾಡುಗಳಿವೆ. ವೇಗವರ್ಧಕ ಕ್ರಿಯೆಯಲ್ಲಿ ಪಾಲ್ಗೊಂಡರೂ ಖರ್ಚಾಗಬಾರದು. ಆದ್ದರಿಂದ ಉರಿಗೆ ಸುರಿದ ಎಣ್ಣೆ ವೇಗವರ್ಧಕವಲ್ಲ. ಆಗಲಾರದ ಕ್ರಿಯೆಯನ್ನು ವೇಗವರ್ಧಕ ಆಗಿಸಲಾರದು. ಮುಂದಕ್ಕೆ ಎಷ್ಟು ಚುರುಕೋ ಹಿಂದಕ್ಕೂ ಅಷ್ಟೇ ಚುರುಕು. ಈ ಕೊನೆಯ ಗುಣವನ್ನು ಭಾಷಣಕಾರರು ಗಮನಿಸಿದಂತಿಲ್ಲ!

ಖರ್ಚಾಗುವುದಿಲ್ಲವೆಂದರೆ ಚಿರಂಜೀವಿ ಎಂದಲ್ಲ. ಜಿಯೋಲೈಟಿನ ತೂತುಗಳಿಗೆ ಇಂಗಾಲದ ಮಸಿ ಕಟ್ಟುತ್ತದೆ, ಅದನ್ನು ಸುಟ್ಟು ತೆಗೆಯಬೇಕು. ಪುಣೆಯ ರಸ್ತೆಗಳಲ್ಲಿ ಓಡುವ ಕಾರುಗಳ ಹೊಗೆಕೊಳವೆಯಲ್ಲೂ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪದ ವೇಗವರ್ಧಕವಿದೆ. ಅದಕ್ಕೆ ಸೀಸವೇ ವಿಷ. 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಈ ಸಾಧನ ಕಡ್ಡಾಯವಾದಾಗ ಅಲ್ಲಿನ ಬಂಕ್‌ಗಳಿಗೆ ಸೀಸರಹಿತ ಪೆಟ್ರೋಲನ್ನೂ ತರಬೇಕಾಯಿತು. ಇಡೀ ದೇಶಕ್ಕೆ ಅದು ತಲುಪಿದ್ದು 2000ದ ಫೆಬ್ರವರಿಯಲ್ಲಿ.