ಬ್ಯಾಟರಿ ಕೇಬಲ್ಲಿಗೆ ಸ್ವಿಚ್ ಹಾಕಿದರೆ ಓಡುತ್ತಿರುವ ಎಂಜಿನ್ ನಿಲ್ಲುತ್ತದೆಯೇ?

ರೇಸ್ ಕಾರುಗಳಲ್ಲಿ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿ, ಒಂದು ಕೆಂಪು ಸ್ವಿಚ್ ಕೂರಿಸಿರುವುದನ್ನು ನೀವು ವಿಡಿಯೋಗಳಲ್ಲಿ ನೋಡಿರಬಹುದು. ಇದೇ ಕಿಲ್ ಸ್ವಿಚ್. ‘ಬ್ಯಾಟರಿ ಕೇಬಲ್ ಕತ್ತರಿಸಿ ನಡುವೆ ಸ್ವಿಚ್ ಹಾಕಿದರಾಯಿತು, ಅಪಾಯ ಬಂದಾಗ ಎಲ್ಲವೂ ಬಂದ್’ ಎಂಬ ನಂಬಿಕೆ ಹಲವರಲ್ಲಿದೆ. ಇದು ಅರ್ಧ ಸತ್ಯ ಮಾತ್ರ.

ಬ್ಯಾಟರಿ ಹಿಂದಕ್ಕೆ ಏಕೆ?

ಎಂಜಿನ್ ಮುಂದಿರುವ ಕಾರಿನಲ್ಲಿ ಭಾರವೂ ಮುಂದೆಯೇ ಹೆಚ್ಚು. ಸಾಮಾನ್ಯವಾಗಿ 10ರಿಂದ 20 ಕೆ.ಜಿ. ತೂಗುವ ಬ್ಯಾಟರಿಯನ್ನು ಹಿಂದಕ್ಕೆ ಒಯ್ದರೆ ಹಿಂದಿನ ಚಕ್ರಗಳಿಗೆ ಹಿಡಿತ ಸಿಗುತ್ತದೆ. ಹಿಂದಿನ ಚಕ್ರಗಳಿಂದ ಓಡುವ ರೇಸ್ ಕಾರಿಗೆ ಇದು ಲಾಭ. ಆದರೆ ನಮ್ಮ ರಸ್ತೆಗಳಲ್ಲಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಓಡುತ್ತವೆ. ಅವುಗಳಿಗೆ ಎಳೆತದಲ್ಲಿ ಲಾಭವಿಲ್ಲ.

ಎಂಜಿನ್ ಏಕೆ ನಿಲ್ಲುವುದಿಲ್ಲ?

ಎಂಜಿನ್ ಓಡುವಾಗ ಅದರೊಂದಿಗೆ ಆಲ್ಟರ್ನೇಟರ್ ಕೂಡ ತಿರುಗಿ ಸುಮಾರು 14 ವೋಲ್ಟ್ ವಿದ್ಯುತ್ ತಯಾರಿಸುತ್ತಿರುತ್ತದೆ. ಬ್ಯಾಟರಿಯನ್ನು ಮಾತ್ರ ಬೇರ್ಪಡಿಸಿದರೆ ಆಲ್ಟರ್ನೇಟರ್‌ನಿಂದಲೇ ಇಗ್ನಿಷನ್‌ಗೂ ಪೆಟ್ರೋಲ್ ಪಂಪಿಗೂ ವಿದ್ಯುತ್ ಹೋಗುತ್ತಲೇ ಇರಬಹುದು. ಕಾರು ಮಗುಚಿ ಪೆಟ್ರೋಲ್ ಸೋರುತ್ತಿದೆ, ಚಾಲಕ ಒಳಗೆ ಸಿಲುಕಿದ್ದಾನೆ ಎಂದುಕೊಳ್ಳಿ. ನೆರವಿಗೆ ಬಂದವರು ಸ್ವಿಚ್ ತಿರುಗಿಸಿದರೂ ಪಂಪ್ ಓಡುತ್ತಿದ್ದರೆ ಸ್ವಿಚ್ ಇದ್ದೂ ಇಲ್ಲದಂತೆ.

ಅದಕ್ಕಾಗಿಯೇ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಈ ಸ್ವಿಚ್ ಎಲ್ಲ ವಿದ್ಯುತ್ ಸಂಪರ್ಕ ಕಡಿಯುವುದರ ಜೊತೆಗೆ ಎಂಜಿನ್ನನ್ನೂ ನಿಲ್ಲಿಸಬೇಕು ಎಂದಿದೆ. ಒಳಗಿನಿಂದಲೂ ಹೊರಗಿನಿಂದಲೂ ಅದು ಕೈಗೆಟುಕಬೇಕು. ರ‍್ಯಾಲಿ ಕಾರುಗಳ ಮುಂಗಾಜಿನ ಬಳಿ ಕಾಣುವ, ನೀಲಿ ತ್ರಿಕೋನದೊಳಗಿನ ಕೆಂಪು ಮಿಂಚಿನ ಗುರುತು ಇದನ್ನೇ ಸೂಚಿಸುತ್ತದೆ.

ಇಂಥ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ 6 ಟರ್ಮಿನಲ್ ಇರುತ್ತವೆ. ಎರಡು ದೊಡ್ಡವು ಬ್ಯಾಟರಿಗೆ. ಸಣ್ಣವುಗಳಲ್ಲಿ ಒಂದು ಜೋಡಿ ಇಗ್ನಿಷನ್ ಕಡಿಯುತ್ತದೆ. ಇನ್ನೊಂದು ಜೋಡಿ ಆಲ್ಟರ್ನೇಟರ್‌ನ ಉಳಿದ ವಿದ್ಯುತ್ತನ್ನು ರೆಸಿಸ್ಟರ್ ಮೂಲಕ ಭೂಮಿಗೆ, ಅಂದರೆ ಕಾರಿನ ಬಾಡಿಗೆ, ಇಳಿಸುತ್ತದೆ. ಇಲ್ಲದಿದ್ದರೆ ವೋಲ್ಟೇಜ್ ಒಮ್ಮೆಲೇ ಏರಿ ಡಯೋಡ್, ಇಸಿಯು ಸುಡಬಹುದು. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ಅಭ್ಯಾಸ ತಪ್ಪು ಎನ್ನುವುದೂ ಇದೇ ಕಾರಣಕ್ಕೆ.

ಕೇಬಲ್, ಗ್ಯಾಸ್ ಅಪಾಯ

ಸ್ಟಾರ್ಟರ್ ಮೋಟಾರಿಗೆ 200 ಆಂಪಿಯರ್ ಬೇಕೆಂದು ಲೆಕ್ಕ ಹಾಕೋಣ. 5 ಮೀಟರ್ ಉದ್ದದ 16 ಚದರ ಮಿ.ಮೀ. ತಾಮ್ರದ ಕೇಬಲ್ಲಿನಲ್ಲಿ ಸುಮಾರು 1 ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. 35 ಚದರ ಮಿ.ಮೀ. ಕೇಬಲ್ಲಿನಲ್ಲಿ ಅದು ಅರ್ಧ ವೋಲ್ಟ್. ಜೊತೆಗೆ, ಉದ್ದದ ಕೇಬಲ್ ತಗಡಿಗೆ ಉಜ್ಜಿ ಹರಿದರೆ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು. ಹಾಗಾಗಿ ತಗಡು ದಾಟುವಲ್ಲಿ ರಬ್ಬರ್ ಬುಷ್, ಬ್ಯಾಟರಿ ಪಕ್ಕದಲ್ಲೇ ತಕ್ಕ ಫ್ಯೂಸ್ ಬೇಕು. ಬಿಎಂಡಬ್ಲ್ಯು ತನ್ನ ಹಲವು ಮಾದರಿಗಳಲ್ಲಿ ಡಿಕ್ಕಿಯಲ್ಲೇ ಬ್ಯಾಟರಿ ಇಟ್ಟರೂ, ಡಿಕ್ಕಿಯಾದಾಗ ಸಣ್ಣ ಸಿಡಿತದಿಂದ ಸ್ಟಾರ್ಟರ್ ಕೇಬಲ್ಲನ್ನು ಕಡಿಯುವ ಟರ್ಮಿನಲ್ ಅಳವಡಿಸಿದೆ.

ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡಬಹುದು. ಗಾಳಿಯಲ್ಲಿ ಅದು ಶೇ. 4 ಮುಟ್ಟಿದರೆ ಕಿಡಿ ತಾಗಿ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಮುಚ್ಚಿದ ಪೆಟ್ಟಿಗೆ ಮತ್ತು ಗ್ಯಾಸ್ ಹೊರಹೋಗುವ ಕೊಳವೆ ಕಡ್ಡಾಯ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕಾರಿನಲ್ಲಂತೂ ಈ ಸಾಹಸ ಬೇಡವೇ ಬೇಡ.

ಹಾಗಾದರೆ ಏನು ಮಾಡಬೇಕು?

ದಿನಬಳಕೆಯ ಕಾರಿಗೆ ಇದರ ಅಗತ್ಯವಿಲ್ಲ. ಏರ್‌ಬ್ಯಾಗ್, ಇಸಿಯು ಇರುವ ಕಾರಿನ ವೈರಿಂಗ್ ಕೆದಕಿದರೆ ವಾರಂಟಿಗೂ ವಿಮೆಗೂ ತೊಡಕಾಗಬಹುದು. ರೇಸಿಗೆ ಇಳಿಯುವವರು ಭಾರತದ ಮೋಟಾರು ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐ ನಿಯಮ ನೋಡಿ, ಅನುಭವಿ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ‘ಮನೆಯಲ್ಲೇ ಕಿಲ್ ಸ್ವಿಚ್’ ಎಂಬ ವಿಡಿಯೋ ನಿಮಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಆಲ್ಟರ್ನೇಟರ್‌ಗೆ ಏನು ಮಾಡಿದ್ದಾರೆ? ಅದಕ್ಕೆ ಉತ್ತರವಿಲ್ಲದಿದ್ದರೆ ಅದನ್ನು ಹಂಚಬೇಡಿ.