ಸ್ಕ್ಯಾನ್ ಕೋಣೆಯಿಂದ ನಲ್ಲಿಯವರೆಗೆ

ರಜೆಯಲ್ಲಿ ರಾಟರ್‌ಡ್ಯಾಮ್‌ನ ಬಂಧುಗಳ ಮನೆಗೆ ಹೋದಾಗ, ಕೊಲ್ಲಿಯ ಅಭ್ಯಾಸದಂತೆ ನಾವು ಬಾಟಲಿ ನೀರು ಕೇಳಿದೆವು. ಅವರು ನಕ್ಕು ನಲ್ಲಿ ತೋರಿಸಿದರು. ಅಲ್ಲಿಗೆ ಬರುವುದು ಮಾಸ್ ನದಿಯ ನೀರು. ಫ್ರಾನ್ಸ್‌ನಲ್ಲಿ ಹುಟ್ಟಿ ಬೆಲ್ಜಿಯಂ ದಾಟಿ ಬರುವ ಆ ನೀರನ್ನು ಮೂರು ದೊಡ್ಡ ಜಲಾಶಯಗಳಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿ, ಶುದ್ಧೀಕರಿಸಿ ಮನೆಗಳಿಗೆ ಕಳಿಸುತ್ತಾರೆ.

ಇದಕ್ಕೂ ಆಸ್ಪತ್ರೆಯ ರೇಡಿಯಾಲಜಿ ವಿಭಾಗಕ್ಕೂ ನಂಟಿದೆ. ಸಿ.ಟಿ. ಸ್ಕ್ಯಾನ್‌ಗಾಗಿ ರಕ್ತನಾಳಕ್ಕೆ ಕೊಡುವ ಅಯೋಡಿನ್ ಕಾಂಟ್ರಾಸ್ಟ್ ಔಷಧ, ಮೂತ್ರಪಿಂಡ ಸರಿಯಿದ್ದರೆ, ಒಂದು ದಿನದೊಳಗೆ ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೊರಬೀಳುತ್ತದೆ. ಕೊಳಚೆ ನೀರಿನ ಶುದ್ಧೀಕರಣದಲ್ಲೂ ಪೂರ್ತಿ ತೊಲಗದೆ ನದಿ ಸೇರುತ್ತದೆ. ಸಿಗುವ ಅಂಶ ಬಲು ಅಲ್ಪ, ಗಾಬರಿ ಬೇಡ. ಆದರೆ ಹನಿ ಹನಿ ಕೂಡಿದರೆ ಹಳ್ಳ.

ಅದಕ್ಕೇ ನೆದರ್ಲೆಂಡ್ಸ್‌ನ ಕೆಲವು ಆಸ್ಪತ್ರೆಗಳು ಸ್ಕ್ಯಾನ್ ಆದವರ ಕೈಗೆ ಮೂತ್ರ ಹಿಡಿಯುವ ಚೀಲ ಕೊಟ್ಟು ನೋಡಿದವು. ಒಳಗಿನ ಪುಡಿ ಮೂತ್ರವನ್ನು ಗಟ್ಟಿ ಮಾಡುತ್ತದೆ. ಚೀಲ ಮನೆಯ ಕಸದೊಂದಿಗೆ ಸುಡುವ ಘಟಕಕ್ಕೆ ಹೋಗುತ್ತದೆ. ಇನ್ನೊಂದು ದಾರಿ, ಔಷಧವನ್ನೇ ಮಿತಗೊಳಿಸುವುದು. ಎಲ್ಲರಿಗೂ ಒಂದೇ ಅಳತೆಯ ಬದಲು ತೂಕ ನೋಡಿ ಕೊಡಬಹುದು. ಯಂತ್ರದ ವೋಲ್ಟೇಜ್ ಇಳಿಸಿದರೆ ಅಯೋಡಿನ್ ಇನ್ನೂ ಚೆನ್ನಾಗಿ ಕಾಣುವುದರಿಂದ ಕಡಿಮೆ ಔಷಧ ಸಾಕಾಗಬಹುದು. ಆದರೆ ಚಿತ್ರ ಮಸುಕಾಗಿ ಮತ್ತೆ ಸ್ಕ್ಯಾನ್ ಮಾಡುವಂತಾದರೆ ಉಳಿಸಿದ್ದೇನು? ಆದ್ದರಿಂದ ಒಂದನ್ನು ಇಳಿಸುವಾಗ ಇನ್ನೊಂದನ್ನೂ ಎಣಿಸುತ್ತಿರಬೇಕು.

ಗುಣಮಟ್ಟ ಸುಧಾರಣೆ ಎಂದರೆ ಇಷ್ಟೇ. ಅಮೆರಿಕದ ಶೂಹಾರ್ಟ್ ಮತ್ತು ಡೆಮಿಂಗ್ ಬೆಳೆಸಿದ ಕ್ರಮವಿದು: ಯೋಜಿಸು, ಸಣ್ಣದಾಗಿ ಮಾಡು, ಫಲ ನೋಡು, ತಿದ್ದು.

ನಮಗೆ ಇದರ ಬೆಲೆ ಗೊತ್ತಾಗಿದ್ದು ಊರ ಕಡೆಯ ಹಿರಿಯರೊಬ್ಬರಿಂದ. ಸಕ್ಕರೆ ಕಾಯಿಲೆಯ ಅವರಿಗೆ ಸ್ಕ್ಯಾನ್ ಹೊತ್ತಿಗೆ ಮೆಟ್‌ಫಾರ್ಮಿನ್ ನಿಲ್ಲಿಸಲು ಹೇಳಿದ್ದರು. ವಾರಗಳ ನಂತರ ಸಕ್ಕರೆ ಏರಿಸಿಕೊಂಡು ಔಷಧದ ಕೌಂಟರಿಗೆ ಬಂದರು. "ನಿಲ್ಲಿಸಿ ಅಂದರು, ಮತ್ತೆ ಶುರುಮಾಡಿ ಅಂತ ಯಾರೂ ಹೇಳಲಿಲ್ಲವಲ್ಲ!" ನಿಜವೆಂದರೆ ಈ ಮಾತ್ರೆಯನ್ನು ಎಲ್ಲರೂ ನಿಲ್ಲಿಸಬೇಕಿಲ್ಲ. ಮೂತ್ರಪಿಂಡ ತೀರ ದುರ್ಬಲವಾಗಿದ್ದವರಿಗೆ ನಿಲ್ಲಿಸಿ, ಸಾಮಾನ್ಯವಾಗಿ 48 ಗಂಟೆಗಳ ನಂತರ ರಕ್ತ ಪರೀಕ್ಷೆ ನೋಡಿ ವೈದ್ಯರು ಮುಂದಿನದನ್ನು ಹೇಳುತ್ತಾರೆ.

ನಾವು ಯಾರನ್ನೂ ದೂರಲಿಲ್ಲ. ರೇಡಿಯಾಲಜಿಯವರ ಜೊತೆ ಕೂತು ಸ್ಕ್ಯಾನ್ ಚೀಟಿಯಲ್ಲಿ "ಮಾತ್ರೆ ಬಗ್ಗೆ ಮತ್ತೆ ಕೇಳಬೇಕಾದ ದಿನ" ಎಂಬ ಒಂದು ಸಾಲು ಸೇರಿಸಿದೆವು. ಮೊದಲ ವಾರ ಸಾಲು ಖಾಲಿಯೇ ಉಳಿಯಿತು. ತುಂಬುವುದು ಯಾರ ಕೆಲಸವೆಂದು ನಾವೇ ಹೇಳಿರಲಿಲ್ಲ! ನರ್ಸ್‌ಗೆ ಒಪ್ಪಿಸಿದೆವು, ವಾರ ವಾರ ಚೀಟಿ ಎಣಿಸಿದೆವು, ಸಾಲು ತುಂಬತೊಡಗಿತು.

ಮುಂದಿನ ಬಾರಿ ನಿಮಗೆ ಸ್ಕ್ಯಾನ್ ಇದ್ದರೆ ತೂಕ ಹೇಳಿ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ತೋರಿಸಿ. "ನಿಲ್ಲಿಸಿ" ಎಂದವರನ್ನು "ಯಾವಾಗ ಶುರುಮಾಡಲಿ?" ಎಂದು ಕೇಳಿಯೇ ಎದ್ದು ಬನ್ನಿ.